ಇಂಗ್ಲಿಷ್ ಸರ್ವನಾಮಗಳು: ಬಗೆಗಳು, ಬಳಕೆ ಮತ್ತು ಕನ್ನಡಿಗರು ಎಡವುವ ಜಾಗಗಳು

‘ಬಂದೆನು’ ಎಂದರೆ ಸಾಕು, ಬಂದದ್ದು ನಾನು ಎಂದು ಕನ್ನಡದಲ್ಲಿ ಗೊತ್ತಾಗುತ್ತದೆ. ಬಂದಳು, ಬಂದರು, ಬಂತು ಎಂದಾಗಲೂ ಅಷ್ಟೇ. ಯಾರು, ಎಷ್ಟು ಮಂದಿ, ಗಂಡೋ ಹೆಣ್ಣೋ ಎಂಬುದೆಲ್ಲ ಕ್ರಿಯಾಪದದ ಬಾಲದಲ್ಲೇ ಇದೆ. ಇಂಗ್ಲಿಷಿನ ‘ಕೇಮ್’ ಇದರಲ್ಲಿ ಒಂದನ್ನೂ ಹೇಳುವುದಿಲ್ಲ. ಆ ಕೆಲಸವೆಲ್ಲ ಸರ್ವನಾಮದ ತಲೆಯ ಮೇಲೆ ಬೀಳುತ್ತದೆ. ಕನ್ನಡದಲ್ಲಿ ಬಿಟ್ಟರೂ ನಡೆಯುವ ಪದ ಇಂಗ್ಲಿಷಿನಲ್ಲಿ ಬಿಟ್ಟರೆ ವಾಕ್ಯವೇ ಕುಂಟುತ್ತದೆ. ನಾವು ಮಾಡುವ ತಪ್ಪುಗಳಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುವುದು. ಪಟ್ಟಿ ಬಾಯಿಪಾಠ ಆಗದೆ ತಪ್ಪುವವರು ಕಡಿಮೆ.

ಶುರುವಿಗೆ ಮುನ್ನ ಹೆಸರುಗಳ ಒಂದು ಗೊಂದಲ ಕಳೆದುಕೊಳ್ಳಿ. ಇಂಗ್ಲಿಷ್ ವ್ಯಾಕರಣದ ‘ಫಸ್ಟ್ ಪರ್ಸನ್’ ನಮ್ಮ ಉತ್ತಮ ಪುರುಷ, ಅಂದರೆ ನಾನು, ನಾವು. ‘ಸೆಕೆಂಡ್ ಪರ್ಸನ್’ ಮಧ್ಯಮ ಪುರುಷ. ನಮ್ಮ ‘ಪ್ರಥಮ ಪುರುಷ’ ಇಂಗ್ಲಿಷಿಗೆ ‘ಥರ್ಡ್ ಪರ್ಸನ್’ ಆಗುತ್ತದೆ. ಪ್ರಥಮ ಎಂದರೆ ಫಸ್ಟ್ ಎಂದುಕೊಂಡು ‘ಹಿ’, ‘ಶಿ’ಗಳನ್ನು ಫಸ್ಟ್ ಪರ್ಸನ್‌ಗೆ ಹಾಕಿದರೆ ಮುಂದಿನದೆಲ್ಲ ತಲೆಕೆಳಗಾಗುತ್ತದೆ.

ಹಂತ 1: ಐದು ರೂಪಗಳನ್ನು ವಿಭಕ್ತಿಯ ಜೊತೆ ಜೋಡಿಸಿಕೊಳ್ಳಿ

ವ್ಯಕ್ತಿಗಳನ್ನು ಸೂಚಿಸುವ ಸರ್ವನಾಮಕ್ಕೆ ಇಂಗ್ಲಿಷಿನಲ್ಲಿ ಐದು ರೂಪ. ಕರ್ತೃ, ಕರ್ಮ, ನಾಮಪದದ ಹಿಂದೆ ಬರುವ ಒಡೆತನ, ಒಂಟಿಯಾಗಿ ನಿಲ್ಲುವ ಒಡೆತನ, ‘ಸೆಲ್ಫ್’ ರೂಪ. ಈ ಅನುಕ್ರಮದಲ್ಲೇ ಓದಿ:

ನಾನು: ಐ, ಮಿ, ಮೈ, ಮೈನ್, ಮೈಸೆಲ್ಫ್
ನಾವು: ವಿ, ಅಸ್, ಅವರ್, ಅವರ್ಸ್, ಅವರ್‌ಸೆಲ್ವ್ಸ್
ನೀನು, ನೀವು: ಯು, ಯು, ಯುವರ್, ಯುವರ್ಸ್, ಯುವರ್‌ಸೆಲ್ಫ್ ಅಥವಾ ಯುವರ್‌ಸೆಲ್ವ್ಸ್
ಅವನು: ಹಿ, ಹಿಮ್, ಹಿಸ್, ಹಿಸ್, ಹಿಮ್‌ಸೆಲ್ಫ್
ಅವಳು: ಶಿ, ಹರ್, ಹರ್, ಹರ್ಸ್, ಹರ್‌ಸೆಲ್ಫ್
ಅದು: ಇಟ್, ಇಟ್, ಇಟ್ಸ್, ಒಂಟಿ ರೂಪ ಬಳಕೆಯಲ್ಲಿ ಇಲ್ಲವೆನ್ನಬಹುದು, ಇಟ್‌ಸೆಲ್ಫ್
ಅವರು, ಅವು: ದೇ, ದೆಮ್, ದೇರ್, ದೇರ್ಸ್, ದೆಮ್‌ಸೆಲ್ವ್ಸ್

ಮೂರನೆಯ ಮತ್ತು ನಾಲ್ಕನೆಯ ರೂಪದ ವ್ಯತ್ಯಾಸ ಕನ್ನಡಿಗರಿಗೆ ಸಲೀಸು: ನನ್ನ ಮತ್ತು ನನ್ನದು. ‘ನನ್ನ ಪೆನ್ನು’ ಎಂದರೆ ‘ಮೈ ಪೆನ್’. ‘ಈ ಪೆನ್ನು ನನ್ನದು’ ಎಂದರೆ ‘ದಿಸ್ ಪೆನ್ ಈಸ್ ಮೈನ್’. ಮುಂದೆ ನಾಮಪದ ಇದ್ದರೆ ನನ್ನ, ಇಲ್ಲದಿದ್ದರೆ ನನ್ನದು. ‘ನನ್ನೊಬ್ಬ ಸ್ನೇಹಿತ’ ಎನ್ನಲು ‘ಮೈ ಒನ್ ಫ್ರೆಂಡ್’ ಎನ್ನುವ ರೂಢಿಯಿದೆ. ಅದನ್ನು ಬಿಟ್ಟು ‘ಎ ಫ್ರೆಂಡ್ ಆಫ್ ಮೈನ್’ ಎನ್ನಿ.

ಬರವಣಿಗೆಯಲ್ಲಿ ಕಾಡುವುದು ಅಪಾಸ್ಟ್ರಫಿ, ಅಂದರೆ ಅಕ್ಷರದ ತಲೆಯ ಬಳಿ ಹಾಕುವ (’) ಗುರುತು. ‘ಅದರ’ ಎಂಬ ಅರ್ಥದ ಇಟ್ಸ್‌ಗೆ ಅಪಾಸ್ಟ್ರಫಿ ಇಲ್ಲ. ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂಬುದನ್ನು ಕುಗ್ಗಿಸಿದಾಗ ಮಾತ್ರ ಇದೆ. ಅನುಮಾನ ಬಂದರೆ ಬಿಡಿಸಿ ಓದಿ. ‘ಇಟ್ ಈಸ್’ ಎಂದು ಓದಲು ಬಂದರೆ ಅಪಾಸ್ಟ್ರಫಿ ಹಾಕಿ. ಯುವರ್ಸ್, ಹರ್ಸ್, ಅವರ್ಸ್, ದೇರ್ಸ್ ಯಾವುದಕ್ಕೂ ಅಪಾಸ್ಟ್ರಫಿ ಇಲ್ಲ. ‘ಯಾರ’ ಎಂಬ ಅರ್ಥದ ಹೂಸ್‌ಗೂ ಇಲ್ಲ.

ಹಂತ 2: ಕರ್ತೃವೋ ಕರ್ಮವೋ, ವಾಕ್ಯದ ಜಾಗ ನೋಡಿ

ಕ್ರಿಯಾಪದದ ಹಿಂದೆ ಕರ್ತೃರೂಪ. ಕ್ರಿಯಾಪದ ಆದಮೇಲೆ, ಹಾಗೂ ಟು, ಫಾರ್, ವಿದ್, ಬಿಟ್ವೀನ್ ಮುಂತಾದ ಪ್ರಿಪೊಸಿಷನ್ ಆದಮೇಲೆ ಕರ್ಮರೂಪ. ‘ಶಿ ಕಾಲ್ಡ್ ಮಿ’, ‘ಕಮ್ ವಿದ್ ಅಸ್’. ‘ನನಗೆ’ ಎಂದರೆ ‘ಮಿ’ ಎಂದಷ್ಟೇ ಕಲಿತವರು ಇಲ್ಲಿ ಸಿಕ್ಕಿಬೀಳುತ್ತಾರೆ. ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವಾಗಿದೆ, ನನಗೆ ತಲೆನೋವು: ಕನ್ನಡದಲ್ಲಿ ಇವೆಲ್ಲ ಚತುರ್ಥಿ. ಇಂಗ್ಲಿಷಿನಲ್ಲಿ ನಾಲ್ಕೂ ಕರ್ತೃ: ‘ಐ ನೋ’, ‘ಐ ವಾಂಟ್ ಇಟ್’, ‘ಐ ಆಮ್ ಹಂಗ್ರಿ’, ‘ಐ ಹ್ಯಾವ್ ಎ ಹೆಡೇಕ್’. ಆದ್ದರಿಂದ ವಿಭಕ್ತಿಯನ್ನು ಕನ್ನಡ ವಾಕ್ಯದಿಂದ ಎತ್ತಿಕೊಳ್ಳಬೇಡಿ, ಇಂಗ್ಲಿಷ್ ವಾಕ್ಯದಲ್ಲಿ ಪದ ನಿಂತಿರುವ ಜಾಗದಿಂದ ತೀರ್ಮಾನಿಸಿ.

ಇಬ್ಬರು ಒಟ್ಟಿಗೆ ಬಂದಾಗ ಎಲ್ಲರಿಗೂ ಅನುಮಾನ. ‘ರವಿ ಅಂಡ್ ಐ’ ಸರಿಯೋ, ‘ರವಿ ಅಂಡ್ ಮಿ’ ಸರಿಯೋ? ರವಿಯನ್ನು ಅಳಿಸಿ ಓದಿ. ‘ಐ ವೆಂಟ್’ ಎನ್ನುತ್ತೇವೆ, ಹಾಗಾಗಿ ‘ರವಿ ಅಂಡ್ ಐ ವೆಂಟ್’. ‘ಶಿ ಇನ್ವೈಟೆಡ್ ಮಿ’ ಎನ್ನುತ್ತೇವೆ, ಹಾಗಾಗಿ ‘ಶಿ ಇನ್ವೈಟೆಡ್ ರವಿ ಅಂಡ್ ಮಿ’. ‘ಐ’ ಎಂದರೆ ಹೆಚ್ಚು ಶಿಷ್ಟ ಎಂಬ ಭಾವನೆಯಿಂದ ‘ಬಿಟ್ವೀನ್ ಯು ಅಂಡ್ ಐ’ ಎನ್ನುವವರು ಇಂಗ್ಲಿಷರಲ್ಲೂ ಇದ್ದಾರೆ. ಬಿಟ್ವೀನ್ ಪ್ರಿಪೊಸಿಷನ್ ಆದ್ದರಿಂದ ‘ಯು ಅಂಡ್ ಮಿ’ ಎಂದೇ ಬರೆಯಬೇಕು. ಇನ್ನೊಂದು: ಕನ್ನಡದಲ್ಲಿ ‘ನಾನೂ ರವಿಯೂ’ ಎಂದು ನಮ್ಮಿಂದ ಶುರುಮಾಡುತ್ತೇವೆ, ಇಂಗ್ಲಿಷಿನ ಮರ್ಯಾದೆಯಲ್ಲಿ ತಾನು ಕೊನೆಗೆ.

‘ದ್ಯಾನ್’ ಆದಮೇಲೆ ಮಾತಿನಲ್ಲಿ ‘ಮಿ’ ಎಂದರೆ ತಪ್ಪೇನೂ ಇಲ್ಲ: ‘ಶಿ ಈಸ್ ಟಾಲರ್ ದ್ಯಾನ್ ಮಿ’. ಅರ್ಥ ಎರಡಾಗುವ ಕಡೆ ಮಾತ್ರ ಕ್ರಿಯಾಪದವನ್ನೂ ಸೇರಿಸಿ. ‘ಶಿ ಲೈಕ್ಸ್ ರವಿ ಮೋರ್ ದ್ಯಾನ್ ಐ ಡು’ ಎಂದರೆ ನನಗಿರುವುದಕ್ಕಿಂತ ಹೆಚ್ಚು ಇಷ್ಟ ಅವಳಿಗೆ ರವಿಯ ಮೇಲಿದೆ. ಕೊನೆಗೆ ‘ದ್ಯಾನ್ ಮಿ’ ಎಂದರೆ ಅವಳಿಗೆ ನನಗಿಂತ ರವಿ ಹೆಚ್ಚು ಇಷ್ಟ ಎಂಬ ಅರ್ಥ ಬಂದುಬಿಡುತ್ತದೆ.

ಹಂತ 3: ಬಿಟ್ಟುಹೋದ ಸರ್ವನಾಮವನ್ನು ಹುಡುಕಿ ತುಂಬಿ

ಬರೆದದ್ದನ್ನು ಒಮ್ಮೆ ಇದಕ್ಕೆಂದೇ ಓದಿ. ಪ್ರತಿ ಕ್ರಿಯಾಪದದ ಮೇಲೂ ಬೆರಳಿಟ್ಟು ಇದರ ಹಿಂದೆ ಕರ್ತೃ ಇದೆಯೇ, ಮುಂದೆ ಬರಬೇಕಾದ ಕರ್ಮ ಇದೆಯೇ ಎಂದು ಕೇಳಿಕೊಳ್ಳಿ.

ಕರ್ತೃ ಬಿಟ್ಟುಹೋಗುವುದು ಹೆಚ್ಚಾಗಿ ಹವಾಮಾನ, ಸಮಯ, ದೂರದ ವಾಕ್ಯಗಳಲ್ಲಿ. ‘ಮಳೆ ಬರುತ್ತಿದೆ’ ಎಂಬುದು ‘ಇಟ್ ಈಸ್ ರೇನಿಂಗ್’, ‘ಹೊತ್ತಾಯಿತು’ ಎಂಬುದು ‘ಇಟ್ ಈಸ್ ಲೇಟ್’. ಆ ‘ಇಟ್’ ಏನನ್ನು ಸೂಚಿಸುತ್ತದೆ ಎಂದು ಹುಡುಕಬೇಡಿ, ಏನನ್ನೂ ಸೂಚಿಸುವುದಿಲ್ಲ. ಕರ್ತೃವಿನ ಕುರ್ಚಿ ಖಾಲಿ ಬಿಡಬಾರದೆಂದು ಕೂರಿಸಿದ್ದು.

ಕರ್ಮ ಬಿಡುವುದು ಇದಕ್ಕಿಂತ ಹೆಚ್ಚು, ಮತ್ತು ಕಿವಿಗೆ ಬೇಗ ಸಿಗುವುದಿಲ್ಲ. ‘ಪುಸ್ತಕ ತಂದೆಯಾ?’ ‘ಹೂಂ, ತಂದೆ.’ ಇದನ್ನೇ ‘ಯೆಸ್, ಐ ಬ್ರಾಟ್’ ಎಂದರೆ ಮಾತು ಅರ್ಧಕ್ಕೆ ನಿಂತಂತೆ. ‘ಐ ಬ್ರಾಟ್ ಇಟ್’ ಎನ್ನಬೇಕು. ‘ಎಂಜಾಯ್’ ಕೂಡ ಇದೇ ಜಾತಿ. ‘ವಿ ಎಂಜಾಯ್ಡ್’ ಎಂದಷ್ಟೇ ನಿಲ್ಲಿಸದೆ ‘ವಿ ಎಂಜಾಯ್ಡ್ ಇಟ್’ ಅಥವಾ ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’ ಎನ್ನಿ. ‘ಸ್ವಿಚ್ ಆಫ್’ನಂಥ, ಬಿಡಿಸಿ ಬಳಸಬಹುದಾದ ಎರಡು ತುಂಡಿನ ಕ್ರಿಯಾಪದಗಳಲ್ಲಿ ಸರ್ವನಾಮ ನಡುವೆ ಕೂರುತ್ತದೆ: ‘ಸ್ವಿಚ್ ಆಫ್ ದ ಫ್ಯಾನ್’ ಸರಿ, ‘ಸ್ವಿಚ್ ಇಟ್ ಆಫ್’ ಸರಿ, ‘ಸ್ವಿಚ್ ಆಫ್ ಇಟ್’ ತಪ್ಪು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ‘ನಮ್ಮಣ್ಣ ಇದ್ದಾನಲ್ಲ, ಅವನು ಡಾಕ್ಟರು’ ಎಂಬ ಜಾಡಿನಲ್ಲಿ ‘ಮೈ ಬ್ರದರ್ ಹಿ ಈಸ್ ಎ ಡಾಕ್ಟರ್’ ಎಂದುಬಿಡುತ್ತೇವೆ. ಒಂದು ಕ್ರಿಯಾಪದಕ್ಕೆ ಒಂದೇ ಕರ್ತೃ ಸಾಕು. ‘ಹಿ’ ಅಳಿಸಿ.

ಹಂತ 4: ಬಹುವಚನದ ಗೌರವವನ್ನು ಕನ್ನಡದಲ್ಲೇ ಬಿಟ್ಟು ಬನ್ನಿ

ಮೇಷ್ಟ್ರು ಬಂದರು, ಅವರು ಪಾಠ ಮಾಡಿದರು. ಕನ್ನಡದಲ್ಲಿ ಇದು ಗೌರವ. ಇಂಗ್ಲಿಷಿನಲ್ಲಿ ‘ದೇ ಟಾಟ್ ಅಸ್’ ಎಂದರೆ ಕೇಳಿದವರು ಹಲವು ಮೇಷ್ಟ್ರು ಎಂದುಕೊಳ್ಳುತ್ತಾರೆ. ಎಷ್ಟೇ ದೊಡ್ಡವರಾದರೂ ಒಬ್ಬರಾದರೆ ‘ಹಿ’ ಅಥವಾ ‘ಶಿ’. ಇದರಿಂದ ಏಕವಚನದಲ್ಲಿ ಮಾತಾಡಿಸಿದ ಹಾಗೇನೂ ಆಗುವುದಿಲ್ಲ, ಏಕೆಂದರೆ ಅವನು, ಆತ, ಅವರು ಎಂಬ ಮೆಟ್ಟಿಲುಗಳೇ ಅಲ್ಲಿಲ್ಲ. ನೀನು, ನೀವು ಎರಡಕ್ಕೂ ‘ಯು’ ಒಂದೇ. ಹಿಂದೆ ಇಂಗ್ಲಿಷಿಗೂ ‘ದೌ’ ಎಂಬ ‘ನೀನು’ ಇತ್ತು, ‘ಯು’ ನಮ್ಮ ‘ನೀವು’ ಇದ್ದ ಹಾಗೆ. 17ನೇ ಶತಮಾನದ ಹೊತ್ತಿಗೆ ‘ದೌ’ ಸಾಮಾನ್ಯ ಬಳಕೆಯಿಂದ ಜಾರತೊಡಗಿ ಎಲ್ಲರೂ ‘ನೀವು’ ಆದರು. ಎದುರಿಗೆ ಒಬ್ಬರೇ ಇದ್ದರೂ ‘ಯು ಆರ್’ ಎಂದು ಬಹುವಚನದ ಕ್ರಿಯಾಪದ ಬರುವುದು ಅದರ ಗುರುತು. ಗೌರವ ತೋರಿಸಬೇಕಾದರೆ ಸರ್ವನಾಮದಲ್ಲಿ ಹುಡುಕದೆ ‘ಪ್ಲೀಸ್’, ‘ಕುಡ್ ಯು’ಗಳಲ್ಲಿ ತೋರಿಸಿ.

‘ನಮ್ಮಪ್ಪ’, ‘ನಮ್ಮಮ್ಮ’ ಕೂಡ ಹೀಗೇ ದಾಟಿಸಬಾರದ್ದು. ಒಬ್ಬನೇ ಮಗನಾದರೂ ಕನ್ನಡದಲ್ಲಿ ನಮ್ಮಪ್ಪ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ‘ಅವರ್ ಫಾದರ್’ ಎಂದರೆ ಅಣ್ಣತಂಗಿಯರನ್ನೂ ಸೇರಿಸಿ ಹೇಳಿದಂತೆ. ಹೊರಗಿನವರ ಮುಂದೆ ‘ಮೈ ಫಾದರ್’.

ಮಗುವಿನ ವಿಷಯದಲ್ಲೂ ಎಚ್ಚರ. ‘ಮಗು ಅಳುತ್ತಿದೆ’ ಎಂಬ ನಪುಂಸಕಲಿಂಗ ಕನ್ನಡದಲ್ಲಿ ಮುದ್ದಾಗಿಯೇ ಕೇಳುತ್ತದೆ. ಹೆಣ್ಣೋ ಗಂಡೋ ಗೊತ್ತಿದ್ದೂ ಇನ್ನೊಬ್ಬರ ಮಗುವಿಗೆ ‘ಇಟ್’ ಎಂದರೆ ಹೆತ್ತವರ ಮುಖ ಸಪ್ಪಗಾದೀತು. ಸಾಕುಪ್ರಾಣಿಗಳಿಗೂ ಒಡೆಯರು ‘ಹಿ’, ‘ಶಿ’ ಎನ್ನುವುದೇ ಹೆಚ್ಚು.

ಹಾಗಾದರೆ ಒಬ್ಬರಿಗೆ ‘ದೇ’ ಎಂದೂ ಬರುವುದಿಲ್ಲವೇ? ಬರುತ್ತದೆ, ಬೇರೆ ಕಾರಣಕ್ಕೆ. ವ್ಯಕ್ತಿ ಯಾರೆಂದು ಗೊತ್ತಿಲ್ಲದಾಗ ‘ಸಮ್‌ಒನ್ ಲೆಫ್ಟ್ ದೇರ್ ಬ್ಯಾಗ್ ಹಿಯರ್’ ಎನ್ನುವುದು ಸರಿ. ‘ಯಾರೋ ಅವರ ಬ್ಯಾಗು ಬಿಟ್ಟುಹೋಗಿದ್ದಾರೆ’ ಎಂದು ನಾವೂ ಅನ್ನುವುದಿಲ್ಲವೇ, ಹಾಗೆ. ಈ ಬಳಕೆ 14ನೇ ಶತಮಾನದಿಂದ ಇದೆ. ಶಾಲಾ ವ್ಯಾಕರಣಗಳು ಬಹುಕಾಲ ಇದನ್ನು ತಪ್ಪೆಂದು ಕಲಿಸಿ ‘ಹಿಸ್’ ಬಳಸಲು ಹೇಳಿದವು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಬರವಣಿಗೆ ಕೈಪಿಡಿಯ 2019ರ 7ನೇ ಆವೃತ್ತಿ ಏಕವಚನದ ‘ದೇ’ಯನ್ನು ಒಪ್ಪಿದೆ. ತಮ್ಮನ್ನು ‘ದೇ’ ಎಂದೇ ಕರೆಯಿರಿ ಎಂದು ಯಾರಾದರೂ ಹೇಳಿದ್ದರೆ ಅವರಿಗೂ ಅದೇ. ಎರಡೂ ಕಡೆ ಕ್ರಿಯಾಪದ ‘ಆರ್’, ‘ಹ್ಯಾವ್’ ಎಂದೇ ಬರುತ್ತದೆ.

ಹಂತ 5: ‘ಸೆಲ್ಫ್’ ಎಲ್ಲಿ ಬೇಕು, ಎಲ್ಲಿ ಬೇಡ

‘ಮೈಸೆಲ್ಫ್ ರವಿ’ ಎಂದು ಪರಿಚಯ ಹೇಳಿಕೊಳ್ಳುವುದನ್ನು ಮೊದಲು ಬಿಡಿ. ‘ಐ ಆಮ್ ರವಿ’ ಸಾಕು. ‘ಸೆಲ್ಫ್’ ರೂಪ ಎಂದೂ ಒಂಟಿಯಾಗಿ ಕರ್ತೃ ಆಗುವುದಿಲ್ಲ. ಅದಕ್ಕಿರುವುದು ಎರಡು ಕೆಲಸ. ಒಂದು, ಮಾಡಿದವರೂ ಮಾಡಿಸಿಕೊಂಡವರೂ ಒಬ್ಬರೇ ಎಂದು ತೋರಿಸುವುದು. ‘ಶಿ ಕಟ್ ಹರ್‌ಸೆಲ್ಫ್’ ಎಂದರೆ ತನ್ನ ಕೈಯನ್ನೋ ಕಾಲನ್ನೋ ತಾನೇ ಕುಯ್ದುಕೊಂಡಳು. ‘ಶಿ ಕಟ್ ಹರ್’ ಎಂದರೆ ಪೊಲೀಸರು ಬರಬೇಕಾದ ವಿಷಯ. ಇನ್ನೊಂದು ಒತ್ತು ಕೊಡುವುದು: ‘ಐ ಮೈಸೆಲ್ಫ್ ಸಾ ಇಟ್’, ಅಂದರೆ ನಾನೇ ಖುದ್ದಾಗಿ ನೋಡಿದೆ. ‘ಬೈ’ ಸೇರಿದರೆ ಒಬ್ಬರೇ, ಯಾರ ನೆರವೂ ಇಲ್ಲದೆ ಎಂಬ ಅರ್ಥ.

ಕಚೇರಿ ಪತ್ರಗಳಲ್ಲಿ ‘ಪ್ಲೀಸ್ ಕಾಂಟ್ಯಾಕ್ಟ್ ರವಿ ಆರ್ ಮೈಸೆಲ್ಫ್’ ಎಂಬುದು ಗಂಭೀರವಾಗಿ ಕೇಳುತ್ತದೆಂದು ಬಳಸುತ್ತಾರೆ. ಎರಡನೇ ಹಂತದ ಪರೀಕ್ಷೆ ಮಾಡಿ: ರವಿಯನ್ನು ಅಳಿಸಿದರೆ ಉಳಿಯುವುದು ‘ಕಾಂಟ್ಯಾಕ್ಟ್ ಮಿ’.

ನಮ್ಮ ‘ಕೊಳ್ಳು’ ಇಲ್ಲಿ ಕೈಕೊಡುತ್ತದೆ. ಕ್ಷೌರ ಮಾಡಿಕೊಂಡೆ, ಬಟ್ಟೆ ಹಾಕಿಕೊಂಡೆ ಎಂಬ ‘ಕೊಂಡೆ’ಗಳನ್ನೆಲ್ಲ ‘ಮೈಸೆಲ್ಫ್’ ಮಾಡಬೇಕಿಲ್ಲ. ‘ಐ ಶೇವ್ಡ್’, ‘ಐ ಗಾಟ್ ಡ್ರೆಸ್ಡ್’ ಎಂದರೆ ಮುಗಿಯಿತು. ‘ಹಿಸ್‌ಸೆಲ್ಫ್’, ‘ದೇರ್‌ಸೆಲ್ವ್ಸ್’ ಎಂಬ ಪದಗಳು ಶಿಷ್ಟ ಇಂಗ್ಲಿಷಿನಲ್ಲಿಲ್ಲ. ಪರಸ್ಪರ ಎನ್ನಲು ‘ಈಚ್ ಅದರ್’ ಅಥವಾ ‘ಒನ್ ಅನದರ್’. ‘ದೇ ಬ್ಲೇಮ್ಡ್ ದೆಮ್‌ಸೆಲ್ವ್ಸ್’ ಎಂದರೆ ತಮ್ಮನ್ನು ತಾವೇ ಹಳಿದುಕೊಂಡರು, ‘ದೇ ಬ್ಲೇಮ್ಡ್ ಈಚ್ ಅದರ್’ ಎಂದರೆ ಒಬ್ಬರನ್ನೊಬ್ಬರು ದೂರಿದರು.

ಹಂತ 6: ‘ತನ್ನ’ ಇಲ್ಲದ ಭಾಷೆಯಲ್ಲಿ ಯಾರದೆಂದು ಸ್ಪಷ್ಟಪಡಿಸಿ

ರವಿ ರಾಜುವಿಗೆ ತನ್ನ ಪುಸ್ತಕ ಕೊಟ್ಟ. ರವಿ ರಾಜುವಿಗೆ ಅವನ ಪುಸ್ತಕ ಕೊಟ್ಟ. ಮೊದಲನೆಯದರಲ್ಲಿ ಪುಸ್ತಕ ರವಿಯದು ಎಂದು ನಮಗೆ ಒಂದೇ ಪದ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ರವಿ ಗೇವ್ ರಾಜು ಹಿಸ್ ಬುಕ್’. ಓದುಗ ಊಹಿಸಬೇಕು. ‘ಹಿಸ್ ಓನ್ ಬುಕ್’ ಎಂದೋ, ‘ರವಿ ರಿಟರ್ನ್ಡ್ ರಾಜುಸ್ ಬುಕ್’ ಎಂದು ಹೆಸರನ್ನೇ ಬಳಸಿಯೋ ಬಿಡಿಸಬೇಕು. ಒಂದೇ ಪ್ಯಾರಾದಲ್ಲಿ ಇಬ್ಬರು ಗಂಡಸರಿದ್ದರೆ ಪ್ರತಿ ‘ಹಿ’ ಯಾರನ್ನು ಹಿಡಿದಿದೆ ಎಂದು ಗೆರೆ ಎಳೆದು ನೋಡಿ. ಗೆರೆ ಇಬ್ಬರಿಗೂ ಹೋಗುವಂತಿದ್ದರೆ ಹೆಸರು ಮತ್ತೆ ಬರೆಯಿರಿ. ಹೆಸರು ಎರಡು ಸಲ ಬಂದರೆ ಸೊಗಸು ಕೊಂಚ ತಗ್ಗಬಹುದು, ಅರ್ಥ ತಪ್ಪುವುದಕ್ಕಿಂತ ಅದು ಎಷ್ಟೋ ವಾಸಿ.

ಇದರ ಸೋದರಸಂಬಂಧಿ ‘ಅಂತ’. ರವಿ ‘ನಾಳೆ ಬರುತ್ತೇನೆ’ ಅಂತ ಹೇಳಿದ ಎಂಬುದನ್ನು ‘ರವಿ ಸೆಡ್ ದ್ಯಾಟ್ ಐ ವಿಲ್ ಕಮ್ ಟುಮಾರೊ’ ಎಂದು ದಾಟಿಸಿದರೆ ಬರುವವರು ನೀವಾಗುತ್ತೀರಿ. ‘ದ್ಯಾಟ್’ ಬಂದ ಕೂಡಲೇ ಮಾತು ನಿಮ್ಮ ಬಾಯಿಂದ ಬರುತ್ತದೆ, ಸರ್ವನಾಮವೂ ನಿಮ್ಮ ಕಡೆಯಿಂದ ತಿರುಗಬೇಕು: ‘ರವಿ ಸೆಡ್ ದ್ಯಾಟ್ ಹಿ ವುಡ್ ಕಮ್’.

ಹಂತ 7: ಯಾರೋ, ಯಾರೂ, ಎಲ್ಲರೂ

ಸಮ್, ಎನಿ, ನೋ, ಎವ್ರಿ ಎಂಬ ನಾಲ್ಕಕ್ಕೆ ಒನ್, ಬಡಿ, ಥಿಂಗ್ ಸೇರಿಸಿದರೆ ಹನ್ನೆರಡು ಪದ. ಹನ್ನೆರಡೂ ಏಕವಚನ. ‘ಎಲ್ಲರೂ ಬಂದಿದ್ದಾರೆ’ ಎಂಬ ಬಹುವಚನ ಮನಸ್ಸಿನಲ್ಲಿದ್ದರೂ ‘ಎವ್ರಿಒನ್ ಹ್ಯಾಸ್ ಕಮ್’ ಎನ್ನಬೇಕು. ‘ನೋ ಒನ್’ ಮಾತ್ರ ಬಿಡಿಸಿ ಬರೆಯುತ್ತಾರೆ.

‘ಯಾರೂ ಬರಲಿಲ್ಲ’ ಎನ್ನುವಾಗ ಕನ್ನಡದ ಇಲ್ಲ ಕ್ರಿಯಾಪದದಲ್ಲಿದೆ, ಇಂಗ್ಲಿಷಿನ ಇಲ್ಲ ಸರ್ವನಾಮದಲ್ಲೇ ಇದೆ: ‘ನೋಬಡಿ ಕೇಮ್’. ಎರಡು ಕಡೆಯೂ ಇಲ್ಲ ಹಾಕಿ ‘ನೋಬಡಿ ಡಿಡ್ ನಾಟ್ ಕಮ್’ ಎಂದರೆ ಬಾರದವರು ಯಾರೂ ಇಲ್ಲ, ಎಲ್ಲರೂ ಬಂದರು ಎಂದಾಗುತ್ತದೆ. ‘ಎನಿಬಡಿ ಡಿಡ್ ನಾಟ್ ಕಮ್’ ಕೂಡ ನಡೆಯದು. ‘ಎನಿ’ ಪದಗಳು ‘ನಾಟ್’ ಆದಮೇಲೆ ಬರಬೇಕು, ‘ಐ ಡಿಡ್ ನಾಟ್ ಸೀ ಎನಿಬಡಿ’ ಎಂಬಲ್ಲಿಯಂತೆ. ಇಬ್ಬರೂ ಬರಲಿಲ್ಲ ಎನ್ನಲು ‘ಬೋತ್’ ಬಿಟ್ಟು ‘ನೀದರ್ ಆಫ್ ದೆಮ್ ಕೇಮ್’ ಎನ್ನಿ.

ಈಚ್, ಈದರ್, ನೀದರ್ ಏಕವಚನ. ಬೋತ್, ಮೆನಿ, ಫ್ಯೂ, ಸೆವೆರಲ್ ಬಹುವಚನ. ಆಲ್, ಸಮ್, ಮೋಸ್ಟ್ ಯಾವುದರ ಬಗ್ಗೆ ಹೇಳುತ್ತಿದ್ದೇವೋ ಅದನ್ನು ಹಿಂಬಾಲಿಸುತ್ತವೆ: ನೀರಾದರೆ ‘ಈಸ್’, ಪುಸ್ತಕಗಳಾದರೆ ‘ಆರ್’. ‘ಒನ್ ಆಫ್’ ಆದಮೇಲೆ ನಾಮಪದ ಬಹುವಚನ, ಕ್ರಿಯಾಪದ ಏಕವಚನ: ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್’. ಗುಂಪಿನೊಳಗಿಂದ ಒಬ್ಬರನ್ನು ಎತ್ತುತ್ತಿದ್ದೇವೆ, ಗುಂಪಿನಲ್ಲಿ ಹಲವರು ಇರಲೇಬೇಕಲ್ಲ.

ದಿಸ್, ದ್ಯಾಟ್, ದೀಸ್, ದೋಸ್‌ಗಳದ್ದು ಹೆಚ್ಚು ತಕರಾರಿಲ್ಲ: ಇದು, ಅದು, ಇವು, ಅವು. ಪ್ರಶ್ನೆಯಲ್ಲಿ ಮಾತ್ರ ಒಂದು ಮಾತು. ‘ಹೂ’ ತಾನೇ ಕರ್ತೃವಾದಾಗ ‘ಡಿಡ್’ ಬೇಡ, ‘ಹೂ ಕೇಮ್?’ ಎಂದರೆ ಸರಿ. ಯಾರು ಯಾರು ಬಂದರು ಎನ್ನಲು ‘ಹೂ ಆಲ್’ ಎನ್ನುವುದು ಮಾತಿಗೆ ಇರಲಿ, ಬರವಣಿಗೆಗೆ ಹೊಂದುವುದಿಲ್ಲ.

ಹಂತ 8: ‘ಬಂದ ಹುಡುಗ’ನನ್ನು ತಿರುಗಿಸಿ ನಿಲ್ಲಿಸುವುದು

ಕನ್ನಡದಲ್ಲಿ ವಿವರ ಮೊದಲು, ನಾಮಪದ ಆಮೇಲೆ: ನಿನ್ನೆ ಫೋನ್ ಮಾಡಿದ ಹುಡುಗ. ಇಂಗ್ಲಿಷಿನಲ್ಲಿ ನಾಮಪದ ಮೊದಲು, ನಡುವೆ ಕೊಂಡಿಯಾಗಿ ಸರ್ವನಾಮ, ಆಮೇಲೆ ವಿವರ: ‘ದ ಬಾಯ್ ಹೂ ಕಾಲ್ಡ್ ಯೆಸ್ಟರ್‌ಡೇ’. ಜನರಿಗೆ ‘ಹೂ’, ವಸ್ತುಗಳಿಗೆ ‘ವಿಚ್’ ಅಥವಾ ‘ದ್ಯಾಟ್’, ಒಡೆತನಕ್ಕೆ ಜನ ವಸ್ತು ಎರಡಕ್ಕೂ ‘ಹೂಸ್’. ಕರ್ಮವಾದರೆ ‘ಹೂಮ್’, ಇವತ್ತಿನ ಮಾತಿನಲ್ಲಿ ಅಲ್ಲೂ ‘ಹೂ’ ನಡೆಯುತ್ತದೆ, ‘ಟು ಹೂಮ್’ ಎಂದು ಪ್ರಿಪೊಸಿಷನ್ ಹಿಂದಿದ್ದರೆ ಮಾತ್ರ ಬಿಡುವಂತಿಲ್ಲ. ಕೊಂಡಿ ಹಾಕಿದಮೇಲೆ ಹಳೆಯ ಸರ್ವನಾಮ ತೆಗೆಯಿರಿ: ‘ದ ಬಾಯ್ ಹೂ ಐ ಸಾ ಹಿಮ್’ ಎಂಬಲ್ಲಿ ‘ಹಿಮ್’ ಹೆಚ್ಚು.

ನಿಜವಾದ ಕಷ್ಟ ಇರುವುದು ಇಲ್ಲಿ. ‘ನಾನು ಬರೆದ ಪತ್ರ’, ‘ನಾನು ಬರೆದ ಪೆನ್ನು’. ಕನ್ನಡದಲ್ಲಿ ಎರಡೂ ಒಂದೇ ಅಚ್ಚು. ಪತ್ರವನ್ನು ಬರೆದೆ, ಪೆನ್ನಿನಿಂದ ಬರೆದೆ ಎಂಬ ವಿಭಕ್ತಿಯ ವ್ಯತ್ಯಾಸ ‘ಬರೆದ’ ಎಂಬುದರೊಳಗೆ ಕರಗಿಹೋಗಿದೆ. ಇಂಗ್ಲಿಷಿನಲ್ಲಿ ಅದು ಕರಗುವುದಿಲ್ಲ. ‘ದ ಲೆಟರ್ ದ್ಯಾಟ್ ಐ ರೋಟ್’, ಆದರೆ ‘ದ ಪೆನ್ ದ್ಯಾಟ್ ಐ ರೋಟ್ ವಿದ್’. ಹಾಗಾಗಿ ಇಂಥ ಪದಪುಂಜ ಬಂದಾಗ ಮೊದಲು ಬಿಡಿಸಿ ಪೂರ್ತಿ ವಾಕ್ಯ ಮಾಡಿ, ಪೆನ್ನಿನಿಂದ, ಮನೆಯಲ್ಲಿ, ಸ್ನೇಹಿತನ ಜೊತೆ ಎಂಬ ಬಾಲ ಕಂಡರೆ ಅದರ ಪ್ರಿಪೊಸಿಷನ್ ಅನ್ನು ಕೊನೆಯಲ್ಲಿ ಉಳಿಸಿ: ‘ದ ಹೌಸ್ ವಿಚ್ ವಿ ಲಿವ್ ಇನ್’. ಕೊಂಡಿ ಕರ್ಮವಾಗಿದ್ದರೆ ಅದನ್ನು ಬಿಡಬಹುದು, ‘ದ ಲೆಟರ್ ಐ ರೋಟ್’. ಕರ್ತೃವಾಗಿದ್ದರೆ ಬಿಡುವಂತಿಲ್ಲ.

ಅಲ್ಪವಿರಾಮ ಅರ್ಥವನ್ನೇ ಬದಲಿಸುತ್ತದೆ. ‘ಮೈ ಬ್ರದರ್ ಹೂ ಸಿಂಗ್ಸ್’ ಎಂದರೆ ಇರುವ ಅಣ್ಣತಮ್ಮಂದಿರಲ್ಲಿ ಹಾಡುವವನು. ‘ಮೈ ಬ್ರದರ್, ಹೂ ಸಿಂಗ್ಸ್,’ ಎಂದು ಎರಡೂ ಕಡೆ ಅಲ್ಪವಿರಾಮ ಹಾಕಿದರೆ ಇರುವವನು ಒಬ್ಬನೇ, ಹಾಡುತ್ತಾನೆಂಬುದು ಜೊತೆಗೆ ಸೇರಿಸಿದ ಮಾತು. ಅಲ್ಪವಿರಾಮ ಆದಮೇಲೆ ‘ದ್ಯಾಟ್’ ಬಳಸಬೇಡಿ.

ಹಂತ 9: ಒಂದು ಪ್ಯಾರಾ ತಿದ್ದಿ ನೋಡೋಣ

‘ಮೈಸೆಲ್ಫ್ ರವಿ. ಅವರ್ ಫಾದರ್ ಈಸ್ ಎ ಟೀಚರ್. ದೇ ಟೀಚ್ ಮ್ಯಾಥ್ಸ್. ಎವ್ರಿಬಡಿ ರೆಸ್ಪೆಕ್ಟ್ ಹಿಮ್. ಮಿ ಅಂಡ್ ಮೈ ಸಿಸ್ಟರ್ ಸ್ಟಡಿ ಇನ್ ದ ಸೇಮ್ ಕಾಲೇಜ್. ಲಾಸ್ಟ್ ವೀಕ್ ಹಿ ಬಾಟ್ ಎ ಲ್ಯಾಪ್‌ಟಾಪ್ ಅಂಡ್ ಗೇವ್ ಟು ಅಸ್. ದ ಟೇಬಲ್ ವಿ ಕೀಪ್ ಇಟ್ ಈಸ್ ಹರ್.’

ತಿದ್ದಿದ ಮೇಲೆ: ‘ಐ ಆಮ್ ರವಿ. ಮೈ ಫಾದರ್ ಈಸ್ ಎ ಟೀಚರ್. ಹಿ ಟೀಚಸ್ ಮ್ಯಾಥ್ಸ್. ಎವ್ರಿಬಡಿ ರೆಸ್ಪೆಕ್ಟ್ಸ್ ಹಿಮ್. ಮೈ ಸಿಸ್ಟರ್ ಅಂಡ್ ಐ ಸ್ಟಡಿ ಇನ್ ದ ಸೇಮ್ ಕಾಲೇಜ್. ಲಾಸ್ಟ್ ವೀಕ್ ಹಿ ಬಾಟ್ ಎ ಲ್ಯಾಪ್‌ಟಾಪ್ ಅಂಡ್ ಗೇವ್ ಇಟ್ ಟು ಅಸ್. ದ ಟೇಬಲ್ ವಿ ಕೀಪ್ ಇಟ್ ಆನ್ ಈಸ್ ಹರ್ಸ್.’

ಏಳು ವಾಕ್ಯದಲ್ಲಿ ಎಂಟು ತಪ್ಪು. ಕೊನೆಯ ವಾಕ್ಯದಲ್ಲೇ ಎರಡು: ಮೇಜಿನ ಮೇಲೆ ಎಂಬ ‘ಆನ್’ ಬಿಟ್ಟುಹೋಗಿತ್ತು, ಮುಂದೆ ನಾಮಪದವಿಲ್ಲದ ಕಡೆ ‘ಹರ್’ ನಿಂತಿತ್ತು. ಆರನೆಯ ವಾಕ್ಯದ ‘ಹಿ’ಯನ್ನು ಮುಟ್ಟಲಿಲ್ಲ, ಗಮನಿಸಿ. ಅದರ ಹಿಂದಿನ ವಾಕ್ಯದಲ್ಲಿರುವುದು ತಂಗಿ, ಹಾಗಾಗಿ ‘ಹಿ’ ಅಪ್ಪನನ್ನಲ್ಲದೆ ಬೇರೆ ಯಾರನ್ನೂ ಹಿಡಿಯದು. ತಂಗಿಯ ಜಾಗದಲ್ಲಿ ತಮ್ಮ ಇದ್ದಿದ್ದರೆ ಲ್ಯಾಪ್‌ಟಾಪ್ ಕೊಂಡವನು ತಮ್ಮ ಎಂದೂ ಓದಬಹುದಾಗಿತ್ತು, ಆಗ ಅಲ್ಲಿ ‘ಮೈ ಫಾದರ್’ ಎಂದು ಮತ್ತೊಮ್ಮೆ ಬರೆಯಬೇಕಾಗುತ್ತಿತ್ತು.